ಕೊಟ್ಟಿಗೆಯ ಹೊತ್ತಿಗೊಂದು ಅಲಾರಂ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೋಲಾರ ಜಿಲ್ಲೆಯ ಹಳ್ಳಿಯ 32ರ ಯುವಕ. ಎರಡು ಹಸು, ಒಂದೆಕರೆ ಟೊಮೆಟೊ. ಎರಡು ವರ್ಷದ ಹಿಂದೆ ತಾಯಿ ಕೊಟ್ಟ ಮೂತ್ರಪಿಂಡದ ಕಸಿ ಆಗಿತ್ತು. ಈಗ, ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ 1.2ರಿಂದ 1.9ಕ್ಕೆ ಏರಿತ್ತು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧ ಟ್ಯಾಕ್ರೊಲಿಮಸ್‌ನ ಮಟ್ಟ ರಕ್ತದಲ್ಲಿ ತೀರಾ ಇಳಿದಿತ್ತು. ಮಾತ್ರೆಯ ಹೊತ್ತು ನೆನಪಿಸುವ ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ತಿಂಗಳಿಡೀ ಹಸಿರು ಗುರುತು. ಒಂದು ಹೊತ್ತೂ ತಪ್ಪಿರಲಿಲ್ಲ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಆತ ಮೊಬೈಲಿನ ಕವರ್ ಬಿಚ್ಚುತ್ತ, ಮತ್ತೆ ಹಾಕುತ್ತ ಬಹಳ ಹೊತ್ತು ಸುಮ್ಮನಿದ್ದ.

"ಸಂಜೆ ಆರಕ್ಕೆ ಡೇರಿಯ ಸಾಲಿನಲ್ಲಿ ನಿಂತಿರುತ್ತೇನೆ ಮೇಡಂ. ಅಲಾರಂ ಹೊಡೆದರೆ ಎಲ್ಲರೂ ತಿರುಗಿ ನೋಡುತ್ತಾರೆ. ತಂಗಿಗೆ ಗಂಡು ಹುಡುಕುತ್ತಿದ್ದೇವೆ."

'ತೆಗೆದುಕೊಂಡೆ' ಎಂದು ಒತ್ತದಿದ್ದರೆ ತಾಯಿಯ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. "ಅಮ್ಮ ಬೈಯುವುದಿಲ್ಲ. ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಾರೆ." ಅದನ್ನು ನೋಡಲಾರದೆ ಒತ್ತಿಬಿಡುತ್ತಿದ್ದ. ಮನೆಗೆ ಹೋಗಿ ನುಂಗೋಣವೆಂದುಕೊಂಡು, ಹಸುವಿಗೆ ಮೇವು ಹಾಕುವಷ್ಟರಲ್ಲಿ ಮರೆಯುತ್ತಿದ್ದ.

ಇದನ್ನು ಬೇಜವಾಬ್ದಾರಿ ಎನ್ನಲು ನನಗೆ ಮನಸ್ಸಾಗಲಿಲ್ಲ. ದೇಹ ತಾಯಿಯ ಅಂಗವನ್ನೂ ಪರಕೀಯವೆಂದೇ ಎಣಿಸುತ್ತದೆ. ಮಾತ್ರೆ ತಪ್ಪಿದ ದಿನ ನೋವಿಲ್ಲವೆಂದರೆ ಹಾನಿಯಿಲ್ಲ ಎಂದಲ್ಲ. ಇದನ್ನು ನಿಧಾನವಾಗಿ ವಿವರಿಸಿದೆ. ಆಮೇಲೆ ಹಾಲು ಕರೆಯುವ ಹೊತ್ತು ಕೇಳಿದೆ. ಬೆಳಗ್ಗೆ ಐದು, ಸಂಜೆ ಐದು. ಸರಿಯಾಗಿ ಹನ್ನೆರಡು ಗಂಟೆಯ ಅಂತರ, ಖಾಲಿ ಹೊಟ್ಟೆ, ಸುತ್ತ ಯಾರೂ ಇಲ್ಲ! ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿ ಸಮಯ ಬದಲಿಸಲು ಒಪ್ಪಿಗೆ ಪಡೆದೆವು. ಆ್ಯಪ್‌ನಿಂದ ತಾಯಿಯ ಸಂಖ್ಯೆ ತೆಗೆದು ಆಸ್ಪತ್ರೆಯ ಕಸಿ ಸಂಯೋಜಕರದನ್ನು ಹಾಕಿದೆವು. ಬ್ಯಾಟರಿ ಉಳಿಸುವ ವ್ಯವಸ್ಥೆ ಕೆಲವೊಮ್ಮೆ ಆ್ಯಪನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ, ಆದ್ದರಿಂದ ಫೋನಿನ ಗಡಿಯಾರದಲ್ಲೂ ಅಲಾರಂ ಇಡಿಸಿದೆ. ಅದಕ್ಕೆ 'ಹಾಲು' ಎಂದು ಆತನೇ ಹೆಸರಿಟ್ಟ. ತಪ್ಪಿದರೆ ತಪ್ಪಿತೆಂದೇ ಒತ್ತಿ ಸಂಯೋಜಕರಿಗೆ ಫೋನ್ ಮಾಡಬೇಕು, ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬಾರದು. ರಕ್ತಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ. ನೆಂಟರು ತರುವ ದೇವನಹಳ್ಳಿ ಚಕ್ಕೋತವೂ ಬೇಡವೆಂದೆ. ಅದು ಈ ಔಷಧದ ಮಟ್ಟವನ್ನು ಮಿತಿಮೀರಿ ಏರಿಸಬಲ್ಲದು.

ತಂಗಿಯ ಮದುವೆಯ ಆತಂಕ ಒಂದೇ ಭೇಟಿಗೆ ಕರಗುವಂಥದಲ್ಲ. ಅದನ್ನು ಮುಂದಕ್ಕೆ ಇಟ್ಟುಕೊಂಡೆವು.

ಕೊನೆಗೆ ತಾಯಿಯನ್ನು ಒಳಗೆ ಕರೆದೆ. ಎಲ್ಲವನ್ನೂ ಆತನೇ ಹೇಳಿದ. ಆಕೆ ಬೆರಗಾಗಿ ಮಗನನ್ನು ನೋಡಿದರು. "ಮೋಡ ಕವಿದರೆ ಹೊಲಿಗೆ ಜಗ್ಗುತ್ತದೆ ಕಣಪ್ಪ, ಅದಕ್ಕೇ ಕೈ ಇಟ್ಟುಕೊಳ್ಳುತ್ತೇನೆ."

ಆರು ವಾರದ ನಂತರ ಔಷಧದ ಮಟ್ಟ ಮಿತಿಗೆ ಬಂದಿತ್ತು, ಕ್ರಿಯಾಟಿನಿನ್ 1.5. ಆ್ಯಪ್‌ನಲ್ಲಿ ಎರಡು ಕೆಂಪು ಗುರುತುಗಳಿದ್ದವು. ಎರಡೂ ದಿನ ಆತ ಸಂಯೋಜಕರಿಗೆ ಫೋನ್ ಮಾಡಿದ್ದ.