ಕೆಂಪಾದ ಮೇಲೆ ಏನಾಯ್ತು?

ನಮಸ್ಕಾರ.

ಸೀರಿಯಂ ಎಂಬ ಲೋಹದ ಲವಣ ಸೀರಿಕ್ ಅಮೋನಿಯಂ ನೈಟ್ರೇಟ್ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಸೂತ್ರ ಸರಿಯಿದೆ, ಅಣುತೂಕ 548 ಅನ್ನುವುದೂ ಸರಿ. ಆದರೆ ಹೀಗೇ ಅಚ್ಚು ಹಾಕಲಾರೆ. ಎರಡು ವಾಕ್ಯಗಳು ನನಗೆ ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಆಗಿವೆ.

ಮೊದಲನೆಯದು ಇದು: "ಆಲ್ಕೊಹಾಲ್‌ಗೆ ಈ ದ್ರಾವಣ ಸೇರಿಸಿದಾಗ ಉತ್ಕರ್ಷಣ ನಡೆದು ಕೆಂಪು ಬಣ್ಣ ಬರುತ್ತದೆ."

ನೀವು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವರು. ಈ ಕಿತ್ತಳೆ ಹರಳಿನ ಬಾಟಲಿ ನಿಮ್ಮ ಲ್ಯಾಬಿನ ಕಪಾಟಿನಲ್ಲೇ ಇರುತ್ತದೆ, ಅಲ್ವಾ? ಪ್ರಾಕ್ಟಿಕಲ್‌ನಲ್ಲಿ ಆಲ್ಕೊಹಾಲ್ ಇದೆಯೇ ಅಂತ ನೋಡಲು ಮಕ್ಕಳು ಇದರ ದ್ರಾವಣ ಎರಡು ಹನಿ ಹಾಕುತ್ತಾರೆ, ಕೆಂಪಾಯ್ತು ಅಂತ ರೆಕಾರ್ಡಿನಲ್ಲಿ ಬರೆಯುತ್ತಾರೆ, ಟೆಸ್ಟ್ ಟ್ಯೂಬ್ ತೊಳೆದು ಹೊರಡುತ್ತಾರೆ. ನಿಮ್ಮ ಲೇಖನವೂ ಅಲ್ಲೇ ಎದ್ದು ಹೊರಟಿದೆ. ಹರಳಿನಲ್ಲಿ ಸೀರಿಯಂ ಸುತ್ತ ಆರು ನೈಟ್ರೇಟ್‌ಗಳು ಹಿಡಿದುಕೊಂಡಿರುತ್ತವೆ. ದ್ರಾವಣದಲ್ಲಿ ಆಲ್ಕೊಹಾಲ್ ಬಂದು ಸೀರಿಯಂಗೆ ಅಂಟಿಕೊಳ್ಳುತ್ತದೆ. ಆ ಕೂಟದ ಬಣ್ಣವೇ ಕೆಂಪು. ಆಗಿನ್ನೂ ಉತ್ಕರ್ಷಣ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಕ್ರಿಯೆ, ಆಗಿಲ್ಲ. ಟ್ಯೂಬನ್ನು ಬಿಸಿನೀರಿನಲ್ಲಿಟ್ಟು ಕಾಯಿರಿ. ಕೆಂಪು ತಿಳಿಯಾಗುತ್ತಾ ಬಂದು ಕೊನೆಗೆ ಬಣ್ಣವೇ ಉಳಿಯುವುದಿಲ್ಲ. ಎಥನಾಲ್ ಎಂಬ ಆಲ್ಕೊಹಾಲ್ ಉತ್ಕರ್ಷಣಗೊಂಡು ಅಸಿಟಾಲ್ಡಿಹೈಡ್ ಆಗುವುದು ಆ ಹೊತ್ತಿನಲ್ಲಿ. ನೀವು ಹೇಳಬೇಕಾಗಿದ್ದ ಕಥೆ ಬಣ್ಣ ಹೋಗುವುದರಲ್ಲಿದೆ.

ಎರಡನೆಯದು: "ಇದು ಇತರ ವಸ್ತುಗಳಿಗೆ ಆಮ್ಲಜನಕ ನೀಡುವ ಲವಣ." ಹಾಗಾದರೆ ಕ್ರೋಮಿಯಂ ವಿಷಯ ಹೇಗೆ ಹೇಳುತ್ತೀರಿ? ಚಿಪ್ ತಯಾರಿಕೆಯಲ್ಲಿ ಗಾಜಿನ ಮೇಲೆ ತೆಳ್ಳನೆ ಕ್ರೋಮಿಯಂ ಪದರ ಇಟ್ಟು, ಬೇಡದ ಕಡೆ ಇದೇ ಲವಣದ ದ್ರಾವಣದಿಂದ ಕರಗಿಸಿ ತೆಗೆಯುತ್ತಾರೆ. ಅಲ್ಲಿ ಆಮ್ಲಜನಕದ ಕೊಡುಕೊಳ್ಳುವಿಕೆ ಇಲ್ಲ. ನಾಲ್ಕು ಧನ ಆವೇಶದ ಸೀರಿಯಂ ಕ್ರೋಮಿಯಂನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಮೂರಕ್ಕೆ ಇಳಿಯುತ್ತದೆ, ಅಷ್ಟೇ. ಒಂದು ಕ್ರೋಮಿಯಂ ಪರಮಾಣುವನ್ನು ಕರಗಿಸಲು ಇಂಥ ಮೂರು ಸೀರಿಯಂ ಬೇಕು. ಇಷ್ಟು ಒಳ್ಳೆಯ ಸಂಗತಿಯನ್ನು ನೀವು "ಎಲೆಕ್ಟ್ರಾನಿಕ್ಸ್‌ನಲ್ಲೂ ಉಪಯುಕ್ತ" ಅಂತ ಮುಗಿಸಿದ್ದೀರಿ. ನನಗೆ ನಿಜಕ್ಕೂ ಬೇಜಾರಾಯಿತು.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಹೀಗೇ ಒಂದು ವಾಕ್ಯ ಬರೆದಿದ್ದೆ: "ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ತಾಮ್ರವಾಗುತ್ತದೆ." ನಮ್ಮ ಹಿರಿಯ ಸಂಪಾದಕರು ಏನೂ ಬೈಯಲಿಲ್ಲ. ಅವರ ಮನೆ ಅಡಿಕೆ ತೋಟದವರದ್ದು, ಮದ್ದು ಹೊಡೆಯುವ ಕಾಲಕ್ಕೆ ತಂದಿಟ್ಟ ಮೈಲುತುತ್ತ, ಅಂದರೆ ತಾಮ್ರದ ನೀಲಿ ಲವಣ, ಒಂದು ಚಿಟಿಕೆ ತಂದರು. ಗಾಜಿನ ಲೋಟದಲ್ಲಿ ಕಲಸಿ, ಮೊಳೆ ಹಾಕಿ, ನನ್ನ ಮೇಜಿನ ಮೇಲಿಟ್ಟು ಹೋದರು. ಸಂಜೆ ಮೊಳೆ ತೆಗೆದು ಬ್ಲೇಡಿನಿಂದ ಕೆರೆದರು. ತಾಮ್ರದ ಕೆಂಪು ಪುಡಿ ಉದುರಿತು, ಒಳಗೆ ಕಬ್ಬಿಣ ಹಾಗೇ ಇತ್ತು. "ನೀರಿನ ನೀಲಿ ಎಲ್ಲಿ ಹೋಯ್ತಪ್ಪಾ?" ಅಂತ ಕೇಳಿದರು. ನಾನು ಇಡೀ ದಿನ ಪಕ್ಕದಲ್ಲೇ ಕೂತಿದ್ದೆ, ನೀರು ನೋಡಿಯೇ ಇರಲಿಲ್ಲ. ಲೇಖನವನ್ನು ಮೂರು ಸಲ ತಿದ್ದಿ ಬರೆದೆ.

ಇನ್ನೊಂದು ಮಾತು. ಸೀರಿಯಂ "ಅತ್ಯಂತ ಅಪರೂಪ" ಅನ್ನುವುದನ್ನು ತೆಗೆದುಬಿಡಿ. ಭೂಮಿಯ ಹೊರಪದರದಲ್ಲಿ ಅದು ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಸಿಗರೇಟ್ ಲೈಟರಿನ ಕಲ್ಲಿನಲ್ಲೂ ಇದೆ.

ನಾಳೆ ಲ್ಯಾಬ್ ಖಾಲಿಯಿದ್ದಾಗ ಹತ್ತು ಹನಿ ಎಥನಾಲ್ ತೆಗೆದುಕೊಳ್ಳಿ, ದ್ರಾವಣ ಹಾಕಿ, ಗಡಿಯಾರ ನೋಡಿಕೊಂಡು ಕೂತುಕೊಳ್ಳಿ. ಕೆಂಪು ಯಾವಾಗ ಬಂತು, ಯಾವಾಗ ಮಸುಕಾಯಿತು, ಪೂರ್ತಿ ಹೋಗಲು ಎಷ್ಟು ಹೊತ್ತಾಯಿತು, ಎಲ್ಲ ಬರೆದು ಕಳಿಸಿ. ಮುಂದಿನ ತಿಂಗಳ 10ರವರೆಗೆ ಎರಡು ಪುಟ ನಿಮಗಾಗಿ ತೆಗೆದಿಟ್ಟಿರುತ್ತೇನೆ.