ಬೇವಿನ ಎಣ್ಣೆ ಮಗುವಿನ ಬಾಯಿಗೆ ಬೇಡ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಎಂಟು ತಿಂಗಳ ಮಗನಿಗೆ ನೆಗಡಿ ಬಿಟ್ಟೇ ಇಲ್ಲ. ಒಂದು ಚಮಚ ಬೇವಿನ ಎಣ್ಣೆ ಕುಡಿಸು, ಕಫ ಎಲ್ಲಾ ಹೋಗುತ್ತೆ ಅಂತ ಅತ್ತೆ ಹೇಳುತ್ತಿದ್ದಾರೆ. ಯುಗಾದಿಗೆ ಎಲ್ಲರೂ ಬೇವು ಕುಡಿಯುತ್ತೇವಲ್ಲ, ಎಣ್ಣೆ ಕೊಟ್ಟರೆ ತಪ್ಪೇನು?

ಉತ್ತರ: ಕುಡಿಸಬೇಡಿ. ಒಂದು ಹನಿಯೂ ಬೇಡ. ಚಮಚ ಅಂದರೆ ಸುಮಾರು 5 ಮಿಲಿ ಆಯಿತು, ಅಷ್ಟಕ್ಕೇ ಎಳೆ ಮಕ್ಕಳು ವಾಂತಿ ಮಾಡಿಕೊಂಡು, ಮಂಪರಿಗೆ ಜಾರಿ, ಏದುಸಿರು ಬಿಟ್ಟು, ಫಿಟ್ಸ್ ಬಂದು ಆಸ್ಪತ್ರೆ ಸೇರಿದ್ದು ನಮ್ಮ ದೇಶದಲ್ಲೂ ಮಲೇಷ್ಯಾದಲ್ಲೂ ದಾಖಲಾಗಿದೆ. ಕೆಲವು ಕೂಸುಗಳು ಉಳಿದಿಲ್ಲ. ಯಾರಾದರೂ ಆಗಲೇ ಕುಡಿಸಿಬಿಟ್ಟಿದ್ದರೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಯುಗಾದಿ ಬೇವಿನ ಮಾತೇ ಬೇರೆ. ನಮ್ಮ ಕಡೆ ಅದಕ್ಕೆ ಬೀಳುವುದು ಚಿಟಿಕೆ ಹೂವು. ಉಳಿದದ್ದೆಲ್ಲ ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ. ಎಣ್ಣೆ ಬರುವುದು ಬೀಜದಿಂದ. ಚಿಕ್ಕವರಿದ್ದಾಗ ಹಳದಿ ಹಣ್ಣು ಚೀಪಿ ಬೀಜ ಉಗಿಯುತ್ತಿದ್ದೆವು, ಅಲ್ವಾ? ಆ ಬೀಜ.

ಹಾಗಂತ ಅತ್ತೆ ಜೊತೆ ಜಗಳ ತೆಗೆಯಬೇಡಿ. ಜೋಳದ ಚೀಲದಲ್ಲಿ ಒಣಗಿದ ಬೇವಿನ ಸೊಪ್ಪು ಇಟ್ಟು ಹುಳ ದೂರ ಇಟ್ಟವರು ಅವರೇ. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದಾಗ ಕಡಿತ ತಡೆಯದೆ ಒದ್ದಾಡುವ ಮಗುವಿನ ಮೈಗೆ ಎಳೆ ಸೊಪ್ಪಿನ ಕಟ್ಟು ಸವರುವುದು ಜಾಣತನದ ಕೆಲಸ, ಉಗುರು ತಾಗಿ ಗುಳ್ಳೆ ಒಡೆಯುವುದಿಲ್ಲ. ಆದರೆ ಅದರಿಂದ ವೈರಸ್ ಸಾಯುವುದಿಲ್ಲ.

ನೆಗಡಿಗೆ ಎದೆಹಾಲು ಮುಂದುವರಿಸಿ, ಇಷ್ಟು ದಿನ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಉಸಿರು ಜೋರಾಗಿ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ಮಾನ್ವಿ ಹತ್ತಿರ ಎರಡು ಎಕರೆ ಹತ್ತಿ ಹಾಕಿದ್ದೇನೆ. ಬೇವಿನ ಬೀಜದ ಕಷಾಯ ಹೊಡೆದೆ, ಹುಳ ಸಾಯಲೇ ಇಲ್ಲ. ಸುಮ್ನೆ ದಂಡ ಆಯ್ತಾ?

ಉತ್ತರ: ಅದು ಹೊಡೆದ ಕೂಡಲೇ ಕೊಲ್ಲುವ ಔಷಧಿ ಅಲ್ಲ. ಅದರಲ್ಲಿರುವ ಅಜಾಡಿರಕ್ಟಿನ್ ಹುಳ ಎಲೆ ತಿನ್ನದ ಹಾಗೆ, ಪೊರೆ ಬಿಟ್ಟು ಬೆಳೆಯದ ಹಾಗೆ ಮಾಡುತ್ತದೆ. ನೀವು ಹೊಡೆದದ್ದು ಮಧ್ಯಾಹ್ನವೇ? ರಾಯಚೂರಿನ ಬಿಸಿಲಿಗೆ ಅದು ಬೇಗ ಕೆಡುತ್ತದೆ, ಸಂಜೆ ಹೊಡೆಯಿರಿ. 100 ಲೀಟರ್ ನೀರಿಗೆ 5 ಕೆಜಿ ಬೀಜದ ಪುಡಿ ಲೆಕ್ಕ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪಿನ ಪುಡಿ ಬೆರೆಸಿ, ಆ ದಿನವೇ ಖಾಲಿ ಮಾಡಿ. ಸೋಸುವುದಕ್ಕೆ ಸೋಮಾರಿತನ ಮಾಡಿದರೆ ನಾಝಲ್ ಕಟ್ಟಿಕೊಂಡು ಅರ್ಧ ದಿನ ಅದರ ಜೊತೆಯೇ ಕೂರಬೇಕಾಗುತ್ತದೆ.