ತೇಲುವ–ಮುಳುಗುವ ಪಾಠದಲ್ಲಿ ಮಕ್ಕಳು ಹಳೆಯ ಉತ್ತರಕ್ಕೇ ಮರಳಿದರೆ
ಪಾಠವಾದ ಮೇಲೂ ನಿಮ್ಮ ಐದನೆಯ ತರಗತಿಯ ಮಕ್ಕಳು ‘ಭಾರವಾದದ್ದು ಮುಳುಗುತ್ತದೆ’ ಎಂದೇ ಹೇಳುವುದಕ್ಕೆ ಕಾರಣ, ಬಹುಶಃ, ಆ ನಂಬಿಕೆಯನ್ನು ಅವರು ಒರೆಗೆ ಹಚ್ಚುವ ಮೊದಲೇ ಸರಿಯುತ್ತರ ಸಿಕ್ಕಿರುವುದು. ಮೊದಲು ಸುಲಿಯದ ಒಣ ತೆಂಗಿನಕಾಯಿಯನ್ನೂ ತುಂಗೆಯ ದಡದ ಸಣ್ಣ ಕಲ್ಲನ್ನೂ ಕೈಯಲ್ಲಿ ತೂಗಿ ನೋಡಲು ಕೊಟ್ಟು, ಯಾವುದು ಮುಳುಗುತ್ತದೆ, ಏಕೆ ಎಂಬುದನ್ನು ಪ್ರತಿಯೊಬ್ಬರಿಂದಲೂ ಬರೆಸಿ. ಬರೆದು ಮುಗಿಯುವವರೆಗೆ ನೀರಿನ ಬಕೆಟ್‌ನ ಹತ್ತಿರ ಯಾರನ್ನೂ ಬಿಡಬೇಡಿ. ಕಾಯಿ ತೇಲಿ ಕಲ್ಲು ಮುಳುಗಿದಾಗ ತಕ್ಷಣ ವಿವರಿಸಲು ಹೋಗದೆ ಅವರವರಲ್ಲೇ ವಾದ ನಡೆಯಲಿ, ಏಕೆಂದರೆ ಈ ವಿಧಾನದ ಜೀವಾಳವೇ ಅದು. ಆಮೇಲೆ ಜೇಡಿಮಣ್ಣನ್ನು ಒಮ್ಮೆ ಉಂಡೆಯಾಗಿ, ಮತ್ತೊಮ್ಮೆ ತೆಳುವಾದ ಬಟ್ಟಲಾಗಿ ತಟ್ಟಿ ನೀರಿಗೆ ಬಿಡಿಸಿ: ಉಂಡೆ ಮುಳುಗುತ್ತದೆ, ತೂಕ ಅಷ್ಟೇ ಇದ್ದರೂ ಬಟ್ಟಲು ಹೆಚ್ಚು ನೀರನ್ನು ಸರಿಸುವುದರಿಂದ ತೇಲುತ್ತದೆ. ‘ಸಾಂದ್ರತೆ’ (ಗಾತ್ರಕ್ಕೆ ಹೋಲಿಸಿದಾಗ ಎಷ್ಟು ತೂಕ ಎಂಬುದು) ಎಂಬ ಪದ ಈಗಲೇ ಬೇಕೆಂದು ನನಗನ್ನಿಸುವುದಿಲ್ಲ. ಮರುದಿನ ದೋಣಿ ಏಕೆ ತೇಲುತ್ತದೆಂದು ಕೇಳಿ. ಆಕಾರದ ಮಾತು ಬಾರದಿದ್ದರೆ ಜೇಡಿಮಣ್ಣಿನ ಹಂತವನ್ನು ಮತ್ತೆ ಮಾಡಿಸಿ.